ಗುರಿ ತಪ್ಪಿದ್ದು ಯಾರದು? ಆಟಗಾರನದೋ, ಯಂತ್ರದ್ದೋ?

ಔರಾದಿನ ಅಮರೇಶ್ವರ ಜಾತ್ರೆ ಇರಲಿ, ಭಾಲ್ಕಿ ತಾಲೂಕು ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆ ಇರಲಿ, ಬಂದೂಕು ಹಿಡಿದು ಬಲೂನು ಹೊಡೆಯುವ ಆಸೆ ಯಾರಿಗಿಲ್ಲ? ಈಗ ಅದೇ ಗುಂಡಾಟ ಮೊಬೈಲಿಗೆ ಬಂದಿದೆ. ಜಗಳ ಮಾತ್ರ ಹಳೆಯದೇ. ಗುರಿ ತಪ್ಪಿದರೆ ತಪ್ಪು ಯಾರದು?

ಮೊನ್ನೆ ಬೀದರ ಬಸ್ ನಿಲ್ದಾಣದ ಹತ್ತಿರದ ಚಹಾದಂಗಡಿಯಲ್ಲಿ ಇದೇ ವಾದ. ಭಾಲ್ಕಿಯ ಕಾಲೇಜು ಹುಡುಗನೊಬ್ಬ ಮೊಬೈಲಿನಲ್ಲಿ, ಮೇಲಿಂದ ಸಾಲಾಗಿ ಇಳಿಯುವ ವೈರಿಗಳನ್ನು ಹೊಡೆಯುತ್ತಿದ್ದ. ಸೋತ. "ಇದು ಮಷೀನಿನ ಮೋಸ ಕಾಕಾ, ಗೆಲ್ಲೋ ಹೊತ್ತಿಗೇ ಜೋರ್ ಮಾಡ್ತದ" ಎಂದ. ಪಕ್ಕದಲ್ಲಿದ್ದ ಔರಾದಿನ ಹಿರಿಯರು ಹಿಂದೆ ಹೈದರಾಬಾದಿನಲ್ಲಿ ನಾಣ್ಯ ಹಾಕಿ ಆಡಿದವರಂತೆ. "ಜೋರ್ ಆದ್ರನೇ ಆಟ ತಮ್ಮಾ, ನಿಂತದ್ದು ಹೊಡ್ಯಾದ್ರಾಗ ಏನದ?" ಎಂದರು. ಮೂರನೆಯವರು ಬೀದರಿನವರು, ನಕ್ಕು ಹೇಳಿದರು: "ಇಬ್ಬರ ಜೇಬೂ ಖಾಲಿ ಆಯ್ತಲ್ರಿ, ಅದ ಖರೆ."

ಮೂವರಲ್ಲಿ ಯಾರದು ಸರಿ?

ಈ ಬಗೆಯ ಆಟಗಳ ಹಿರಿಯಣ್ಣ 'ಸ್ಪೇಸ್ ಇನ್ವೇಡರ್ಸ್'. 1978ರಲ್ಲಿ ಜಪಾನಿನ ಟೈಟೋ ಕಂಪನಿಗಾಗಿ ತೊಮೊಹಿರೊ ನಿಶಿಕಾಡೊ ರಚಿಸಿದ್ದು. ವೈರಿಗಳು ಕಡಿಮೆಯಾದಂತೆ ಉಳಿದವರ ಓಟ ಹೆಚ್ಚುತ್ತದೆ. ಅದು ಮೋಸದ ಹಂಚಿಕೆಯಲ್ಲ. ಆಗಿನ ಯಂತ್ರಕ್ಕೆ ಅಷ್ಟೂ ಚಿತ್ರಗಳನ್ನು ಒಟ್ಟಿಗೆ ಓಡಿಸುವ ಶಕ್ತಿ ಇರಲಿಲ್ಲ. ಚಿತ್ರ ಕಡಿಮೆಯಾದರೆ ಭಾರ ಇಳಿದು ವೇಗ ತಾನೇ ಏರುತ್ತಿತ್ತು. ಆಟಕ್ಕೆ ಅದರಿಂದ ರುಚಿ ಬಂತೆಂದು ನಿಶಿಕಾಡೊ ಹಾಗೆಯೇ ಬಿಟ್ಟರು. ಬಡವನಿಗೂ ಶ್ರೀಮಂತನಿಗೂ ಒಂದೇ ವೇಗ. ಕೈ ಪಳಗಿದವನು ಹೆಚ್ಚು ಹೊತ್ತು ಉಳಿದ.

ಆದ್ದರಿಂದ ಕಠಿಣವಾಗಿರುವುದು ಮೋಸವಲ್ಲ. ನಿಯಮ ಮುಚ್ಚಿಡುವುದು ಮೋಸ. ಬಂದೂಕಿನ ಮೂತಿ ಸೊಟ್ಟ ಮಾಡಿ ಬಲೂನಿಗೆ ರೊಕ್ಕ ಕೇಳಿದರೆ ಅದು ಆಟವೇ? ಇಂದಿನ ಕೆಲವು ಮೊಬೈಲ್ ಆಟಗಳಲ್ಲಿ ರೊಕ್ಕ ಕೊಟ್ಟು ಪೆಟ್ಟಿಗೆ ತೆರೆಯಬೇಕು. ಒಳಗೆ ಏನು ಬರುತ್ತದೆಂಬುದು ನಸೀಬು. ಅಲ್ಲಿ ಬೆರಳಿನ ಚಳಕಕ್ಕೆ ಏನು ಬೆಲೆ? ಬೀದರಿನವರ ಮಾತಿಗೆ ತೂಕ ಬರುವುದು ಇಲ್ಲಿಯೇ.

2025ರ ಆಗಸ್ಟಿನಲ್ಲಿ ಸಂಸತ್ತು ಒಂದು ಕಾಯ್ದೆಗೆ ಒಪ್ಪಿಗೆ ನೀಡಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ ನಿಷೇಧ, ಇ-ಸ್ಪೋರ್ಟ್ಸಿಗೆ ಬೇರೆ ಮಾನ್ಯತೆ. ಒಳ್ಳೆಯದೇ. ಆದರೆ ನಮ್ಮ ಮನೆಯ ಜೇಬನ್ನು ದಿಲ್ಲಿಯ ಕಾಯ್ದೆಯೊಂದೇ ಕಾಯಲಾರದು.

ಜಾತ್ರೆಯ ಅಂಗಡಿಯವರು ರೊಕ್ಕ ತೆಗೆದುಕೊಳ್ಳುವ ಮೊದಲು ಒಂದು ಗುಂಡು ತಾವೇ ಹೊಡೆದು ತೋರಿಸಲಿ. ಆಟದ ಯಂತ್ರ ಇಟ್ಟವರು ಎಷ್ಟು ರೊಕ್ಕಕ್ಕೆ ಎಷ್ಟು ಸರತಿ ಎಂದು ಫಲಕ ಹಾಕಲಿ. ತಂದೆತಾಯಂದಿರು ಮೊಬೈಲು ಕಸಿಯುವ ಮೊದಲು ಮಗನ ಪಕ್ಕ ಕುಳಿತು ಒಂದೇ ಮಾತು ಕೇಳಲಿ: "ಇದ್ರಾಗ ಕಲಿತ್ರ ಗೆಲ್ತೀಯೋ, ರೊಕ್ಕ ಹಾಕಿದ್ರ ಗೆಲ್ತೀಯೋ?"

ಉತ್ತರ ಹುಡುಗನ ಬಾಯಿಂದಲೇ ಬರುತ್ತದೆ.