ತತ್ತಿ ಇಲ್ಲದ ಕ್ರೇಪು, ಒಳಗ ಸೀಕರಣಿ

ಮೇ ತಿಂಗಳಲ್ಲಿ ನಾಲ್ಕು ದಿನ ರಜೆ ಹಾಕಿ ಹಿರೇಕೆರೂರಿಗೆ ಹೋಗಿದ್ದೆ. ನೋಡಿದರೆ ನಮ್ಮ ಅಡುಗೆಮನೆ ಪೂರ್ತಿ ಚಿಕ್ಕಪ್ಪನ ಮಗನ ವಶದಲ್ಲಿತ್ತು. ಬೆಂಗಳೂರಿನ ಕೆಲಸ ಹೋಗಿ ಊರು ಸೇರಿರುವ ಅವನಿಗೆ ಈಗ ಹಾನಗಲ್ಲಿನಲ್ಲಿ ಕ್ರೇಪ್ ಗಾಡಿ ಹಾಕುವ ಹುಕಿ. ಕೈಯಲ್ಲಿರುವುದು ಒಟ್ಟು ಎರಡು ಲಕ್ಷ. ಅದರಲ್ಲಿ ಅರ್ಧ ಚಿಕ್ಕವ್ವನ ಬಂಗಾರ ಒತ್ತೆ ಇಟ್ಟು ತಂದದ್ದು.

ಮೊದಲನೇ ಕ್ರೇಪ್ ತವಾದಿಂದ ಎದ್ದಾಗ ಅವ್ವ ಬಗ್ಗಿ ನೋಡಿದಳು.

"ಇದು ದ್ವಾಸಿ ಅಲ್ಲೇನೋ ತಮ್ಮಾ?"

"ಅಲ್ಲ ದೊಡ್ಡವ್ವ, ಇದು ಫ್ರೆಂಚ್."

"ಹಂಗಾದ್ರ ಫ್ರೆಂಚ್ ದ್ವಾಸಿ ಅನ್ನು."

ಅವ್ವನ ಮಾತು ಪೂರ್ತಿ ತಪ್ಪಲ್ಲ. ಆದರೆ ದೋಸೆ ಹಿಟ್ಟು ರಾತ್ರಿಯಿಡೀ ಹುಳಿ ಬರಬೇಕು. ಕ್ರೇಪಿಗೆ ಮೈದಾ, ಹಾಲು, ತತ್ತಿ, ಬೆಣ್ಣೆ ಕಲಸಿ ಅರ್ಧ ಗಂಟೆ ಬಿಟ್ಟರೆ ಸಾಕು. ಗರಿಗರಿ ಆಗೋದಿಲ್ಲ, ಕರವಸ್ತ್ರದ ಹಾಗೆ ಮಡಚುತ್ತದೆ. ಫ್ರಾನ್ಸಿನ ಬ್ರಿಟನಿ ಕಡೆಯ ತಿಂಡಿ ಇದು. ಫೆಬ್ರವರಿ 2ರಂದು ಅಲ್ಲಿನವರು ಮನೆಮನೆಯಲ್ಲೂ ಇದನ್ನು ಮಾಡಿಕೊಂಡು ತಿನ್ನುತ್ತಾರೆ.

ನಮ್ಮ ಹುಡುಗನ ಯೋಜನೆ ಹೀಗಿತ್ತು: ಪ್ಲೇಟು, ಫೋರ್ಕು, ಸಕ್ಕರೆ-ನಿಂಬೆರಸ, ಚಾಕಲೇಟು, ಒಂದಕ್ಕೆ 120 ರೂಪಾಯಿ. "ಒರಿಜಿನಲ್ ಹೆಂಗೈತೋ ಹಂಗ ಕೊಡ್ತೀನಿ ಅಕ್ಕಾ, ಇಲ್ಲಾಂದ್ರ ಮರ್ಯಾದಿ ಇರೂದಿಲ್ಲ" ಅಂದ. ಚಿಕ್ಕವ್ವ ಮೂಲೆಯಲ್ಲಿ ಮಾತಿಲ್ಲದೆ ಕೂತಿದ್ದಳು. ಅವಳ ಬರಿಗೈ ನೋಡಿ ನನಗೂ ಸುಮ್ಮನಿರಲು ಆಗಲಿಲ್ಲ. ನಿನ್ನ ಒರಿಜಿನಲ್ ಬಿಡು, ಜಪಾನಿನವರು ಇದೇ ಕ್ರೇಪನ್ನ ಏನು ಮಾಡಿದರು ಕೇಳು ಅಂದೆ.

ಟೋಕಿಯೋದಲ್ಲಿ ಮ್ಯಾರಿಯನ್ ಕ್ರೇಪ್ಸ್ ಶುರುವಾದದ್ದು 1976ರಲ್ಲಿ, ಅದೂ ಶಿಬುಯಾದಲ್ಲಿ ಒಂದು ಗಾಡಿಯ ಮೇಲೆ. ಮರುವರ್ಷ ಹರಾಜುಕುವಿನ ತಕೆಶಿತಾ ಬೀದಿಗೆ ಬಂತು. ಅದು ಕಾಲೇಜು ಹುಡುಗಿಯರು ಅಡ್ಡಾಡುವ ಇಕ್ಕಟ್ಟು ಬೀದಿ. ಅಲ್ಲಿ ಪ್ಲೇಟು ಹಿಡಿದು ಕೂರುವುದೆಲ್ಲಿ? ಹಾಗಾಗಿ ಅಲ್ಲಿ ಕ್ರೇಪು ಕಡಲೆಕಾಯಿ ಪೊಟ್ಟಣದ ಹಾಗೆ ಕೋನ್ ಆಯಿತು. ಒಳಗೆ ಕ್ರೀಮು, ಬಾಳೆಹಣ್ಣು, ಸ್ಟ್ರಾಬೆರಿ, ಹೊರಗೆ ಕಾಗದ, ನಡೀತಾ ನಡೀತಾ ತಿನ್ನಬಹುದು. ಓದಲು ಬಾರದವರಿಗೂ ತಿಳಿಯಲಿ ಎನ್ನುವಂತೆ ಅಂಗಡಿ ಮುಂದೆ ಪ್ಲಾಸ್ಟಿಕ್ ಮಾದರಿಗಳ ಸಾಲು. ಇವತ್ತು ಅದನ್ನು ಯಾರೂ ನಕಲಿ ಫ್ರೆಂಚ್ ಅನ್ನುವುದಿಲ್ಲ, ಹರಾಜುಕು ಕ್ರೇಪ್ ಅನ್ನುತ್ತಾರೆ.

ಇದು ಅವರ ಹಳೇ ಚಾಳಿ. ಟೆಂಪುರಾ ಕರಿಯುವುದನ್ನು ಪೋರ್ಚುಗೀಸರಿಂದ ಕಲಿತರು. ನಮ್ಮ ಕರಿ ಬ್ರಿಟಿಷರ ಕೈಯಿಂದ ಅವರಿಗೆ ತಲುಪಿ, ಮೈದಾ ಸೇರಿ ಗಟ್ಟಿಯಾಗಿ, ಅನ್ನದ ಪಕ್ಕ ಕೂತಿತು. ಯುರೋಪಿನ ಕಟ್ಲೆಟ್ ಟೊಂಕಾಟ್ಸು ಆದಾಗ ಚಾಪ್‌ಸ್ಟಿಕ್ಕಿಗೆ ಸಿಗುವಂತೆ ಮೊದಲೇ ಕತ್ತರಿಸಿ ಬಡಿಸಿದರು. ನನಗೆ ಎಲ್ಲಕ್ಕಿಂತ ಇಷ್ಟದ ಕಥೆ ಆನ್‌ಪಾನ್‌ದು. ಬ್ರೆಡ್ಡು ಜಪಾನಿಗರಿಗೆ ರುಚಿಸದ ಕಾಲ. ಕಿಮುರಾ ಎಂಬ ಮಾಜಿ ಸಮುರಾಯಿ 1874ರಲ್ಲಿ ಬನ್ನಿನೊಳಗೆ ಅವರದೇ ಕೆಂಪು ಕಾಳಿನ ಸಿಹಿ ಹೂರಣ ತುಂಬಿದ. ಮರುವರ್ಷ ಅದು ಚಕ್ರವರ್ತಿಯ ಮುಂದೆಯೇ ಹೋಯಿತು. ನಮ್ಮ ಹೋಳಿಗೆಯ ದೂರದ ನೆಂಟ ಅನ್ನಿ.

"ನಾವೇನ್ ಕಮ್ಮಿ?" ಅಂದಳು ಅವ್ವ. ಅದೂ ನಿಜ. ಶಿಗ್ಗಾವಿಯಲ್ಲಿ ಸಂಜೆ ಗೋಬಿ ತಿನ್ನುವವರು ಅದನ್ನು ಚೈನೀಸ್ ಅಂತ ತಿನ್ನುತ್ತಾರಾ? 2024ರಲ್ಲಿ ಸರ್ಕಾರ ಗೋಬಿಯ ಕೃತಕ ಬಣ್ಣ ನಿಷೇಧಿಸಿದಾಗ ಸ್ವಂತ ಅಜ್ಜಿಯ ಅಡುಗೆಗೇ ಕೈ ಹಾಕಿದ ಹಾಗೆ ಬೇಜಾರಾದವರಿದ್ದಾರೆ. ನಮ್ಮ ಹೆಮ್ಮೆಯ ಬ್ಯಾಡಗಿ ಮೆಣಸಿನಕಾಯಿಯ ಪೂರ್ವಜರೂ ಅಮೆರಿಕ ಖಂಡದಿಂದ ಹಡಗು ಹತ್ತಿ ಬಂದವರೇ. ಸವಣೂರಿನ ಮಠದಲ್ಲಿರುವ ಆಫ್ರಿಕಾದ ಬಾವೊಬಾಬ್ ಮರಗಳಿಗೆ ನಾವು ದೊಡ್ಡಹುಣಸೆ ಅಂತ ಹೆಸರಿಟ್ಟು ಮನೆಯವರನ್ನಾಗಿ ಮಾಡಿಕೊಂಡಿಲ್ಲವೇ!

ಹಾಗಂತ ಸಿಕ್ಕಿದ್ದರ ಮೇಲೆಲ್ಲ ಚೀಸು, ಮೇಯೊನೀಸು ಸುರಿಯುವುದು ನನಗೆ ಸೇರುವುದಿಲ್ಲ. ಹರಾಜುಕುವಿನಲ್ಲಿ ತಿನ್ನುವ ರೀತಿ ಬದಲಾಯಿತು, ಒಳಗಿನ ಹೂರಣ ಬದಲಾಯಿತು. ತೆಳ್ಳಗಿನ ಮೆತ್ತನೆ ಹಾಳೆ ಮಾತ್ರ ಕ್ರೇಪೇ ಆಗಿ ಉಳಿಯಿತು.

ಹಾನಗಲ್ಲಿನ ಗಾಡಿಗೆ ಬರುವ ಮೊದಲ ಪ್ರಶ್ನೆ "ತತ್ತಿ ಹಾಕೀರೇನ್ರಿ?" ಅಂತಲೇ ಇರುತ್ತದೆ. ಆದ್ದರಿಂದ ತತ್ತಿ ಬಿಟ್ಟೆವು. ಅಂಚು ಹರಿಯಿತು. ಒಂದು ಚಮಚ ಕಾರ್ನ್‌ಫ್ಲೋರ್ ಸೇರಿಸಿ, ಹಿಟ್ಟನ್ನು ಇನ್ನಷ್ಟು ಹೊತ್ತು ಬಿಟ್ಟ ಮೇಲೆ ಸರಿಹೋಯಿತು. ಒಳಗೆ ಏನು? ಹಾನಗಲ್ ಅಂದರೆ ಮಾವು, ಹಾಗಾದರೆ ಸೀಕರಣಿ. ಮೊದಲ ಸಲ ಅದು ಕೋನಿನ ತಳದಿಂದ ಸೋರಿ ತಮ್ಮನ ಅಂಗಿಯೆಲ್ಲ ಹಳದಿ. ಅವ್ವ ಹಾಲು ಬಿಟ್ಟು, ಬರೀ ಹಣ್ಣಿನ ರಸಕ್ಕೆ ಬೆಲ್ಲ, ಯಾಲಕ್ಕಿ ಹಾಕಿ ಗಟ್ಟಿಯಾಗುವವರೆಗೂ ಕಾಸಿದಳು. ಈಗ ನಿಂತಿತು. ಇನ್ನೊಂದಕ್ಕೆ ಉಳ್ಳಾಗಡ್ಡಿ, ಸವಣೂರು ಖಾರ. ಇದನ್ನು ಮಾತ್ರ ಕೈಗೆ ಬಂದ ಕೂಡಲೇ ತಿನ್ನಬೇಕು, ಎರಡು ನಿಮಿಷ ಫೋಟೋ ತೆಗೆಯುತ್ತ ನಿಂತರೆ ಖಾರ ಮೆತ್ತಗಾಗುತ್ತದೆ.

ಲೆಕ್ಕ ಹಾಕಿದೆವು. 40 ರೂಪಾಯಿಗೆ ಮಾರಿದರೂ ಸ್ವಲ್ಪ ಉಳಿಯುತ್ತದೆ. ಮಾವು ಮುಗಿದ ಮೇಲೆ ಏನು ಅನ್ನುವುದಕ್ಕೆ ಇನ್ನೂ ಉತ್ತರ ಸಿಕ್ಕಿಲ್ಲ. ಶೇಂಗಾ-ಬೆಲ್ಲ ಅಂತ ಅವ್ವ, ಬಾಳೆಹಣ್ಣು ಅಂತ ನಾನು. ಅಲ್ಲಿಯವರೆಗೂ ಸುಮ್ಮನಿದ್ದ ಚಿಕ್ಕವ್ವ ಸೀಕರಣಿಯದ್ದು ಎರಡನೆಯದು ಕೇಳಿ ಇಸಕೊಂಡಳು.

"ಬೋರ್ಡಿನ ಮ್ಯಾಲೆ ಏನಂತ ಬರಸ್ಲಿ?" ಅಂತ ತಮ್ಮ ಕೇಳಿದ.

"ಸುರುಳಿ ದ್ವಾಸಿ ಅಂತ ಬರಸು," ಅಂದಳು ಚಿಕ್ಕವ್ವ, ಬೆರಳು ನೆಕ್ಕುತ್ತ. "ಕ್ರೇಪ್ ಅಂತ ಬೇಕಂದ್ರ ಕೆಳಗ ಸಣ್ಣಕ್ಕ ಬರಸು."