ನಮ್ಮ ತೋಟ, ನಮ್ಮ ವಿಶ್ವವಿದ್ಯಾಲಯ



ಮಳೆಗಾಲ ಹಿಡಿಯುವ ಮುನ್ನ ಮಲೆನಾಡಿನ ಅಡಿಕೆ ತೋಟಗಳ ಅಂಚಿನಲ್ಲಿ ಕಾಣುವ ನೋಟ ನಮಗೆಲ್ಲ ಪರಿಚಿತವಾದುದೇ. ಒಂದು ಡ್ರಮ್ಮಿನಲ್ಲಿ ಮೈಲುತುತ್ತದ ನೀಲಿ ನೀರು, ಇನ್ನೊಂದರಲ್ಲಿ ಸುಣ್ಣದ ನೀರು. 1 ಕಿಲೊ ಮೈಲುತುತ್ತಕ್ಕೆ 1 ಕಿಲೊ ಸುಣ್ಣ, ಒಟ್ಟು 100 ಲೀಟರು. ಬೆರೆಸಿದ ಮೇಲೆ ಯಜಮಾನರು ಕತ್ತಿಯ ಅಲಗನ್ನು ಅದ್ದಿ ನೋಡುತ್ತಾರೆ. ಅಲಗಿಗೆ ಕೆಂಪು ಬಣ್ಣ ಹತ್ತಿದರೆ ಸುಣ್ಣ ಸಾಲದು ಎಂದು ತಿಳಿಯುತ್ತಾರೆ. ಕಾಲೇಜಿನಿಂದ ರಜೆಗೆ ಬಂದ ಮಗ ಕೋಲು ಹಿಡಿದು ಕಲಕುತ್ತಾನೆ. ಈ ಬೋರ್ಡೋ ದ್ರಾವಣ ಎಲ್ಲಿಂದ ಬಂತೆಂದು ಅಪ್ಪನನ್ನಾಗಲಿ ಮಗನನ್ನಾಗಲಿ ಕೇಳಿ ನೋಡಿ. 'ಸೊಸೈಟಿಯಿಂದ' ಎಂಬ ಉತ್ತರ ಬಂದರೆ ಆಶ್ಚರ್ಯವಿಲ್ಲ.

ಅದು ಬಂದದ್ದು ಒಂದು ವಿಶ್ವವಿದ್ಯಾಲಯದಿಂದ. ಫ್ರಾನ್ಸಿನ ಬೋರ್ಡೋ ನಗರದ ಸುತ್ತಲಿನ ದ್ರಾಕ್ಷಿ ಬೆಳೆಗಾರರು ದಾರಿಹೋಕರು ಹಣ್ಣು ಕೀಳದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣವನ್ನು ಎರಚುತ್ತಿದ್ದರು. ಬೂಜುರೋಗದಿಂದ ಇಡೀ ತೋಟದ ಎಲೆಗಳು ಉದುರುತ್ತಿದ್ದರೂ ರಸ್ತೆ ಬದಿಯ ಆ ಬಳ್ಳಿಗಳು ಮಾತ್ರ ಹಸಿರಾಗಿ ನಿಂತದ್ದು, 1882ರಲ್ಲಿ, ಅಲ್ಲಿನ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ಪ್ರಾಧ್ಯಾಪಕ ಮಿಲ್ಲಾರ್ಡೆ ಅವರ ಕಣ್ಣಿಗೆ ಬಿತ್ತು. ಪ್ರಯೋಗಗಳನ್ನು ನಡೆಸಿ 1885ರಲ್ಲಿ ಅವರು ಅದನ್ನು ಪ್ರಕಟಿಸಿದರು. ಗುಟ್ಟಾಗಿಡಲಿಲ್ಲ. ಕಾಲು ಶತಮಾನದೊಳಗೆ ಆ ತಿಳಿವಳಿಕೆ ನಮ್ಮ ಘಟ್ಟದ ತೋಟಗಳಿಗೆ ಬಂದಿತ್ತು. ಮೈಸೂರು ಸಂಸ್ಥಾನದ ಸೇವೆಗೆ 1908ರಲ್ಲಿ ಸೇರಿದ ಕೆನಡಾ ಮೂಲದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ಮಳೆಯಲ್ಲಿ ಅಲೆದು ಕೊಳೆರೋಗವನ್ನು ಅಭ್ಯಾಸ ಮಾಡಿದರು. ಅದಕ್ಕೆ ಕಾರಣ ದೈವದ ಮುನಿಸಲ್ಲ, ಫೈಟಾಫ್ತೊರ ಎಂಬ ಸೂಕ್ಷ್ಮಜೀವಿ ಎಂದು ತೋರಿಸಿ ಬೋರ್ಡೋ ಸಿಂಪರಣೆಯನ್ನು ರೂಢಿಗೆ ತಂದರು. ಅವರ ಕಾಲದಲ್ಲೇ, 1913ರಲ್ಲಿ, ಹೆಬ್ಬಾಳದಲ್ಲಿ ಕೃಷಿ ಶಾಲೆ ಆರಂಭವಾಯಿತು. ಅದು 1946ರಲ್ಲಿ ಕಾಲೇಜಾಗಿ, 1964ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಮಡಿಲು ಸೇರಿತು. ಗೊನೆಗೆ ಕೊಟ್ಟೆ ಕಟ್ಟುವ ಹಿರಿಯರ ಕ್ರಮ ಅದಕ್ಕೂ ಮೊದಲಿನದು, ಅದೂ ಜಾಣತನವೇ. ಆದರೆ ಇಂದು ಮಲೆನಾಡಿನ ಮನೆಗಳಲ್ಲಿ ಅಡಿಕೆಯ ಹಣದಿಂದ ಓದಿದವರೆಲ್ಲ ಆ ಇಬ್ಬರು ಪ್ರಾಧ್ಯಾಪಕ-ವಿಜ್ಞಾನಿಗಳಿಗೆ ಸ್ವಲ್ಪ ಋಣಿಗಳು.

ಈ ಋಣವನ್ನು ಜನರಿಗೆ ನೆನಪಿಸಬೇಕೆಂದು ಬ್ರಿಟನ್ನಿನ ವಿಶ್ವವಿದ್ಯಾಲಯಗಳು 2018ರಲ್ಲಿ ಒಟ್ಟಾಗಿ ಒಂದು ರಾಷ್ಟ್ರೀಯ ಪ್ರಚಾರಾಂದೋಲನವನ್ನು ನಡೆಸಿದವು. ನಿಮ್ಮ ದಿನನಿತ್ಯದ ಬದುಕಿನಲ್ಲಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು ಏನೇನಿದೆ ನೋಡಿ ಎಂಬುದು ಅದರ ಸಾರಾಂಶ. ಜನಜೀವನವನ್ನು ಬದಲಿಸಿದ ನೂರು ಸಾಧನೆಗಳ ಪಟ್ಟಿಯನ್ನೂ ಪ್ರಕಟಿಸಿದರು. ಗರ್ಭಸ್ಥ ಶಿಶುವನ್ನು ನೋಡುವ ಸ್ಕ್ಯಾನಿಂಗ್ ಅದರಲ್ಲೊಂದು. ಅಂದೋಲನಕ್ಕೆ ಕಾರಣವಿತ್ತು. ಇಂಗ್ಲೆಂಡಿನಲ್ಲಿ ಆಗ ವಿದ್ಯಾರ್ಥಿಯೊಬ್ಬ ವರ್ಷಕ್ಕೆ 9,250 ಪೌಂಡುಗಳವರೆಗೆ ಶುಲ್ಕ ತೆರಬೇಕಾಗಿತ್ತು. ಕುಲಪತಿಗಳ ಸಂಬಳ ಪತ್ರಿಕೆಗಳ ಮುಖಪುಟಕ್ಕೆ ಬಂದಿತ್ತು. ಜನಸಾಮಾನ್ಯರಿಗೆ ವಿಶ್ವವಿದ್ಯಾಲಯವೆಂದರೆ ಸಾಲ ಮಾಡಿ ಕೊಳ್ಳುವ ಪದವಿಯ ಅಂಗಡಿಯಂತೆ ಕಾಣತೊಡಗಿತ್ತು.

ಅಲ್ಲಿನ ಮಾತು ಅಲ್ಲಿಗಿರಲಿ. ನಮ್ಮಲ್ಲೂ ಅಂಥದೇ ಒಂದು ಪ್ರಯತ್ನ ನಡೆಯಿತು, ಪ್ರಮಾಣದಲ್ಲಿ ಇನ್ನೂ ದೊಡ್ಡದು. 2025ರ ಮೇ 29ರಿಂದ ಜೂನ್ 12ರವರೆಗೆ ಕೇಂದ್ರ ಸರ್ಕಾರದ 'ವಿಕಸಿತ ಕೃಷಿ ಸಂಕಲ್ಪ ಅಭಿಯಾನ'ದಲ್ಲಿ ಕೃಷಿ ವಿಶ್ವವಿದ್ಯಾಲಯಗಳ ಮತ್ತು ಸಂಶೋಧನಾ ಸಂಸ್ಥೆಗಳ ವಿಜ್ಞಾನಿಗಳು ತಂಡ ಕಟ್ಟಿಕೊಂಡು 700ಕ್ಕೂ ಹೆಚ್ಚು ಜಿಲ್ಲೆಗಳ ಹಳ್ಳಿಗಳಿಗೆ ಹೋದರು. ಪ್ರಯೋಗಾಲಯವು ಹೊಲಕ್ಕೆ ಇಳಿಯಬೇಕೆಂಬ ಆಶಯ ಒಳ್ಳೆಯದೇ. ಆದರೆ ಆ ವರ್ಷ ಮುಂಗಾರು ವಾಡಿಕೆಗಿಂತ ಎಂಟು ದಿನ ಮೊದಲೇ, ಮೇ 24ಕ್ಕೇ, ಕೇರಳವನ್ನು ಮುಟ್ಟಿತು. ಅದರ ಬೆನ್ನಿಗೇ ನಮ್ಮ ಘಟ್ಟವನ್ನೂ ಏರಿತು. ತೋಟದವರು ಮೊದಲನೆಯ ಸಿಂಪರಣೆಗೆ ಒಂದು ಹೊಳವು ಸಿಕ್ಕೀತೇ ಎಂದು ಆಕಾಶ ನೋಡುತ್ತಿದ್ದ ದಿನಗಳವು. ನಾನೂ ಅಂಥ ಒಂದು ಸಭೆಯಲ್ಲಿ ಕುಳಿತಿದ್ದೆ. ಹಂಚಿನ ಮಾಡಿನ ಮೇಲೆ ಮಳೆ ಬೀಳುವ ಸದ್ದಿನಲ್ಲಿ ಭಾಷಣ ಕೇಳಿಸುತ್ತಿರಲಿಲ್ಲ. ಎಲ್ಲ ಮುಗಿದ ಮೇಲೆ ಹಿರಿಯ ರೈತರೊಬ್ಬರು ಎದ್ದು, 'ಎಲೆಚುಕ್ಕಿ ರೋಗ ನಮ್ಮ ಕೆಳಗಿನ ತೋಟವನ್ನು ತಿಂದು ಮೇಲಿನ ತೋಟಕ್ಕೆ ಹತ್ತಿದೆ. ನೀವು ಮತ್ತೆ ಯಾವಾಗ ಬರುತ್ತೀರಿ?' ಎಂದು ಕೇಳಿದರು. ಉತ್ತರ ಕೊಡಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ನಾನೂ ಆ ವ್ಯವಸ್ಥೆಯ ಅನ್ನ ತಿಂದವನಾದ್ದರಿಂದ ತಲೆ ತಗ್ಗಿಸಿ ಕುಳಿತೆ.

ಪ್ರಚಾರ ಬೇಡವೆಂದು ನಾನು ಹೇಳುತ್ತಿಲ್ಲ. ಅದು ಏಕೆ ಬೇಕೆಂಬುದಕ್ಕೆ ನಮ್ಮ ರಾಜ್ಯದ್ದೇ ಒಂದು ನಿದರ್ಶನವಿದೆ. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿಯೊಂದು, ಕೆಲವೇ ವರ್ಷಗಳ ಹಿಂದೆ ಸ್ಥಾಪನೆಯಾದ ಹತ್ತು ವಿಶ್ವವಿದ್ಯಾಲಯಗಳ ಪೈಕಿ ಒಂಬತ್ತನ್ನು ಮುಚ್ಚುವುದು ಲೇಸೆಂಬ ತೀರ್ಮಾನಕ್ಕೆ ಬಂತು. ಅವುಗಳಲ್ಲಿ ಕೊಡಗು, ಹಾಸನ ವಿಶ್ವವಿದ್ಯಾಲಯಗಳೂ ಇದ್ದವು. ಹಣವಿಲ್ಲ, ಜಾಗವಿಲ್ಲ, ಅಧ್ಯಾಪಕರಿಲ್ಲ ಎಂಬುದು ಕೊಟ್ಟ ಕಾರಣ. ಅದು ಸುಳ್ಳೂ ಅಲ್ಲ. ಫಲಕ ತೂಗುಹಾಕಿದ ಮಾತ್ರಕ್ಕೆ ವಿಶ್ವವಿದ್ಯಾಲಯ ಆಗುವುದಿಲ್ಲ. ಆದರೆ ಹಣ ಕೊಡದೆ ಹುಟ್ಟಿಸಿ, ಹಣವಿಲ್ಲವೆಂದು ಮುಚ್ಚಲು ಹೊರಟದ್ದು ಯಾವ ನ್ಯಾಯ? ವಿದ್ಯಾರ್ಥಿಗಳು ಬೀದಿಗಿಳಿದರು, ಹಳ್ಳಿಗಳಲ್ಲಿ ಹೆಚ್ಚಿನ ಸದ್ದಾಗಲಿಲ್ಲ. ಬಸ್ಸಿನ ಸಮಯ ಬದಲಾದರೆ ರಸ್ತೆ ತಡೆ ನಡೆಸುವ ನಾವು ವಿಶ್ವವಿದ್ಯಾಲಯ ಮುಚ್ಚುವ ಮಾತು ಬಂದಾಗ ಸುಮ್ಮನಿದ್ದೆವು. ಏಕೆಂದರೆ ಅದು ನಮ್ಮದೆಂದು ನಮಗೆ ಅನ್ನಿಸಿಯೇ ಇರಲಿಲ್ಲ.

ನಮ್ಮದೆಂದು ಅನ್ನಿಸಿದ ಕಾಲವೂ ಒಂದಿತ್ತು. ಬೇಡ್ತಿ ನದಿಗೆ ಅಣೆಕಟ್ಟು ಕಟ್ಟಿ ವಿದ್ಯುತ್ ತೆಗೆಯುವ ಯೋಜನೆ ಬಂದಾಗ ಶಿರಸಿ ಸೀಮೆಯ ತೋಟಿಗರು ಕೇವಲ ಘೋಷಣೆ ಕೂಗಲಿಲ್ಲ. 1981ರ ಜನವರಿಯಲ್ಲಿ ಶಿರಸಿಗೇ ವಿಜ್ಞಾನಿಗಳನ್ನು ಕರೆಸಿ ವಿಚಾರಗೋಷ್ಠಿ ನಡೆಸಿದರು. ಯೋಜನೆಯ ಲಾಭದ ಲೆಕ್ಕದಲ್ಲಿ ಮುಳುಗುವ ಕಾಡಿನ ಬೆಲೆ, ತೋಟದ ಬೆಲೆ ಎಲ್ಲಿದೆ ಎಂದು ಅಂಕಿಸಂಖ್ಯೆಗಳನ್ನಿಟ್ಟು ಕೇಳಿದರು. ಯೋಜನೆ ನಿಂತಿತು. ರೈತರು ಕರೆದದ್ದಕ್ಕೆ ವಿದ್ವಾಂಸರು ಬಂದರು, ಸರ್ಕಾರಕ್ಕೆ ಅಪ್ರಿಯವಾದುದನ್ನೂ ಹೇಳಿದರು. ಸಾರ್ವಜನಿಕ ಹಣದಿಂದ ನಡೆಯುವ ಸಂಸ್ಥೆಯಲ್ಲಿದ್ದುದರಿಂದ ಅವರಿಗೆ ಆ ಸ್ವಾತಂತ್ರ್ಯವಿತ್ತು. ಇಂದು ಒಂದು ಗಣಿಗಾಗಲಿ ಜಲವಿದ್ಯುತ್ ಯೋಜನೆಗಾಗಲಿ ಪರಿಸರ ಪರಿಣಾಮದ ವರದಿ ಬರೆಯುವವರು ಯಾರು? 2006ರ ಅಧಿಸೂಚನೆಯ ಕ್ರಮದಂತೆ, ಯೋಜನೆಯ ಮಾಲೀಕರೇ ಹಣ ಕೊಟ್ಟು ನೇಮಿಸಿಕೊಳ್ಳುವ ಸಲಹಾ ಸಂಸ್ಥೆ. ಅದಕ್ಕೆ ಎದುರಾಗಿ ಇನ್ನೊಂದು ಲೆಕ್ಕವನ್ನು ನಮಗೆ ಮಾಡಿಕೊಡಬಲ್ಲವರು ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ಉಳಿದಿರುವ ಕೆಲವರು ಮಾತ್ರ. ಅವರೂ ಇಲ್ಲವಾದರೆ ಸಾರ್ವಜನಿಕ ಅಹವಾಲು ಸಭೆಯಲ್ಲಿ ನಮ್ಮ ಕೈಯಲ್ಲಿ ಮನವಿ ಪತ್ರವಷ್ಟೇ ಉಳಿಯುತ್ತದೆ.

ಬಿದಿರಿನ ಕಥೆಯನ್ನೂ ಇಲ್ಲಿ ನೆನೆಯಬೇಕು. 1970ರ ದಶಕದಲ್ಲಿ ಕಾಗದದ ಕಾರ್ಖಾನೆಗಳಿಗೆ ಕಾಡಿನ ಬಿದಿರು ಪುಡಿಗಾಸಿಗೆ ಹೋಗಿ, ಬುಟ್ಟಿ ಹೆಣೆಯುವ ಮೇದರಿಗೆ ಬಿದಿರೇ ಸಿಗದಂತಾದಾಗ, ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಮತ್ತು ಅವರ ಸಂಗಡಿಗರು ಕಾಡಿಗೆ ಹೋದರು. (ಆ ಸಂಸ್ಥೆಯೂ ವಿಶ್ವವಿದ್ಯಾಲಯದ ಸ್ಥಾನಮಾನವುಳ್ಳದ್ದೇ.) ಬಿದಿರಿನ ಮೆಳೆ ಚೆನ್ನಾಗಿ ಬೆಳೆಯಲೆಂದು ಬುಡದ ಮುಳ್ಳನ್ನು ಸವರಿ ತೆಗೆಯುವ ಪದ್ಧತಿ ಆಗ ಇತ್ತು. ಹಾಗೆ ಮಾಡಿದರೆ ಎಳೆಯ ಕಳಲೆ ದನಗಳ ಬಾಯಿಗೆ ಬೀಳುತ್ತದೆ ಎಂದು ಹಳ್ಳಿಯವರು ಹೇಳಿದರು. ಅಳೆದು ನೋಡಿದಾಗ ಹಳ್ಳಿಯವರ ಮಾತೇ ನಿಜವಾಯಿತು. ಬೋರ್ಡೋದ ದ್ರಾಕ್ಷಿ ತೋಟದಲ್ಲಿ ನಡೆದದ್ದೂ ಇದೇ ಅಲ್ಲವೇ? ರೈತನ ಕೈಯಲ್ಲಿದ್ದ ಅನುಭವವನ್ನು ಪರೀಕ್ಷೆಗೊಡ್ಡಿ, ಅದರ ಕಾರಣ ತಿಳಿದು, ಎಲ್ಲರ ಸ್ವತ್ತಾಗಿ ಮಾಡುವುದು. ಈ ಕೆಲಸವನ್ನು ಔಷಧಿ ಅಂಗಡಿಯವರಾಗಲಿ ಬೀಜದ ಕಂಪನಿಯವರಾಗಲಿ ಮಾಡಿಕೊಡುವುದಿಲ್ಲ. ಅವರಿಗೆ ಮಾರಲು ಸರಕು ಬೇಕು. ಮುಳ್ಳನ್ನು ಸವರಬೇಡಿ ಎಂಬ ಸಲಹೆಯನ್ನು ಪೊಟ್ಟಣ ಕಟ್ಟಿ ಮಾರಲಾಗದು.

ಇಷ್ಟು ಹೇಳಿದ ಮೇಲೆ ನಮ್ಮ ವಿಶ್ವವಿದ್ಯಾಲಯಗಳ ಲೋಪವನ್ನೂ ಮುಚ್ಚಿಡಲಾಗದು. ಮಂಡ್ಯದಲ್ಲಿ ಸಿ.ಎಚ್. ಲಕ್ಷ್ಮಣಯ್ಯನವರು ದೇಶೀ ಮತ್ತು ಆಫ್ರಿಕಾದ ರಾಗಿಯನ್ನು ಕೂಡಿಸಿ 'ಇಂಡಾಫ್' ತಳಿಗಳನ್ನು ಕೊಟ್ಟಂಥ ಸಾಧನೆಗಳ ಪಕ್ಕದಲ್ಲೇ, ಇಳುವರಿಯೊಂದನ್ನೇ ಜಪಿಸಿದ ದಶಕಗಳೂ ಇವೆ. ನೆರೆಯಲ್ಲಿ ಮುಳುಗಿಯೂ ಏಳುವ ನೆರೆಗುಳಿಯಂಥ ಭತ್ತಗಳು ಹಳ್ಳಿಯವರ ಹಟದಿಂದ ಉಳಿದವೇ ಹೊರತು ನಮ್ಮ ಶಿಫಾರಸಿನಿಂದಲ್ಲ. ಸಂಶೋಧನೆಯೆಲ್ಲ ಇಂಗ್ಲಿಷಿನಲ್ಲಿ ಬರೆಯಲ್ಪಟ್ಟು ಗ್ರಂಥಾಲಯದ ಕಪಾಟಿನಲ್ಲಿ ಧೂಳು ತಿನ್ನುತ್ತದೆ. ನನ್ನ ಪಿಎಚ್.ಡಿ. ಪ್ರಬಂಧಕ್ಕೆ ಮಣ್ಣು ಕೊಟ್ಟ ರೈತರಿಗೆ ಅದರ ಫಲಿತಾಂಶವನ್ನು ಕನ್ನಡದಲ್ಲಿ ಎರಡು ಪುಟ ಬರೆದುಕೊಡಲು ನನಗೆ ಹನ್ನೊಂದು ವರ್ಷ ಹಿಡಿಯಿತು. ಅಷ್ಟರಲ್ಲಿ ಅವರಲ್ಲಿಬ್ಬರು ತೀರಿಕೊಂಡಿದ್ದರು.

ಆದುದರಿಂದ ರಾಷ್ಟ್ರವ್ಯಾಪಿ ಜಾಗೃತಿ ನಡೆಯುವುದಾದರೆ ಅದು ವಿಶ್ವವಿದ್ಯಾಲಯವು ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುವ ಹದಿನೈದು ದಿನಗಳ ಜಾತ್ರೆಯಾಗಬಾರದು. ಹಳ್ಳಿಯು ವಿಶ್ವವಿದ್ಯಾಲಯವನ್ನು ಕೆಲಸಕ್ಕೆ ಕರೆಯುವ ರೂಢಿ ಬೆಳೆಯಬೇಕು. 2012ರಲ್ಲಿ ಮಂಜೂರಾಗಿ ಈಗ ಕೆಳದಿ ಶಿವಪ್ಪ ನಾಯಕರ ಹೆಸರು ಹೊತ್ತಿರುವ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯವು ಸಾಗರ ತಾಲೂಕಿನ ಇರುವಕ್ಕಿಯಲ್ಲಿದೆ, ಅಂದರೆ ನಮ್ಮ ಕಾಡಿನ ನಡುವೆಯೇ. ಶಿರಸಿಯಲ್ಲೂ ಪೊನ್ನಂಪೇಟೆಯಲ್ಲೂ ಅರಣ್ಯ ಮಹಾವಿದ್ಯಾಲಯಗಳಿವೆ, ಮೂಡಿಗೆರೆಯಲ್ಲಿ ಸಂಶೋಧನಾ ಕೇಂದ್ರವಿದೆ. ಅವುಗಳ ಗೇಟನ್ನು ನಮ್ಮಲ್ಲಿ ಎಷ್ಟು ಜನ ದಾಟಿದ್ದೇವೆ?

ನಮ್ಮ ಬಳಗ ಈ ವರ್ಷ ಒಂದು ಸಣ್ಣ ಕೆಲಸಕ್ಕೆ ಕೈಹಾಕಿದೆ. ಓದುಗರು ತಮ್ಮ ಊರಿನ ಒಂದು ಪ್ರಶ್ನೆಯನ್ನು, ಕನ್ನಡದಲ್ಲಿ, ಒಂದೇ ಪುಟದಲ್ಲಿ ಬರೆದು ಕಳಿಸಬೇಕು. ಹಳ್ಳದ ನೀರು ಫೆಬ್ರವರಿಗೇ ಬತ್ತುವುದೇಕೆ, ಕಾಳುಮೆಣಸಿನ ಬಳ್ಳಿ ಒಂದೇ ವಾರದಲ್ಲಿ ಸೊರಗುವುದೇಕೆ, ಬೆಟ್ಟದ ಮುರಗಲು ಮರಗಳು ಕಾಯಿ ಬಿಡುವ ಕಾಲ ಹಿಂದೆಮುಂದಾಗುತ್ತಿದೆಯೇ, ಯಾವುದಾದರೂ ಸರಿ. ಯಾವ ವರ್ಷದಿಂದ, ಎಷ್ಟು ಎಕರೆಯಲ್ಲಿ, ಮೊದಲು ಹೇಗಿತ್ತು ಎಂಬ ವಿವರವಿರಲಿ. ರಜೆಗೆ ಊರಿಗೆ ಬರುವ ವಿದ್ಯಾರ್ಥಿಗಳು ಹಿರಿಯರ ಮಾತನ್ನು ಕೇಳಿ ಬರೆದುಕೊಳ್ಳುವ ಹೊಣೆ ಹೊರಲಿ. ಬಂದ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಗ್ರಾಮಸಭೆಯ ನಿರ್ಣಯದೊಡನೆ ಸಂಬಂಧಪಟ್ಟ ವಿಶ್ವವಿದ್ಯಾಲಯಕ್ಕೆ ನಾವೇ ಒಯ್ದು ಕೊಡುತ್ತೇವೆ. ಬಂದ ಉತ್ತರವನ್ನು, ಬಾರದಿದ್ದರೆ ಬಾರದ ಸಂಗತಿಯನ್ನು, ಈ ಪುಟಗಳಲ್ಲಿ ಪ್ರಕಟಿಸುತ್ತೇವೆ. ಹುದ್ದೆ ಖಾಲಿಯಿರುವುದರಿಂದ ಉತ್ತರ ಕೊಡುವವರಿಲ್ಲವೆಂದು ತಿಳಿದರೆ, ಆ ಹುದ್ದೆಯನ್ನು ತುಂಬಿಸಿರೆಂದು ಶಾಸಕರ ಮನೆಗೆ ಹೋಗುವುದೂ ನಮ್ಮದೇ ಕೆಲಸವಾಗುತ್ತದೆ.

ಮೊದಲ ಪ್ರಶ್ನೆ ಈಗಾಗಲೇ ಬಂದಿದೆ. ಅಂದು ಮಳೆಯ ಸದ್ದಿನ ನಡುವೆ ಎದ್ದು ನಿಂತ ಆ ಹಿರಿಯರು ತಮ್ಮ ಮೊಮ್ಮಗಳ ಕೈಯಲ್ಲಿ ಎಲೆಚುಕ್ಕಿಯ ವಿವರವನ್ನು ಬರೆಸಿ ಕಳಿಸಿದ್ದಾರೆ. ರೋಗ ಹತ್ತಿದ ಮರಗಳ ಎಣಿಕೆ, ಸಿಂಪಡಿಸಿದ ದಿನಾಂಕಗಳು, ಕೆಳಗಿನ ತೋಟದ ನಕ್ಷೆ, ಎಲ್ಲವೂ ಅದರಲ್ಲಿದೆ.