ಮತಯಂತ್ರದಲ್ಲಿ ಇಲ್ಲದ ಮುಖ

ಚುನಾವಣೆ ಬಂದರೆ ಕಟ್ಟೆಯ ಮೇಲೆ ಎರಡು ಮಾತು. ‘ಕ್ಯಾಂಡಿಡೇಟ್ ಸುಮಾರು, ಆದ್ರೆ ಮೇಲಿರೋರನ್ನ ನೋಡಿ ಹಾಕ್ಬೇಕು’ ಅನ್ನುತ್ತಾನೆ ಒಬ್ಬ. ‘ಮೇಲಿರೋರು ನಮ್ಮನೆ ತಿಥಿಗೆ ಬರ್ತಾರಾ?’ ಅನ್ನುತ್ತಾನೆ ಇನ್ನೊಬ್ಬ. ಮತಯಂತ್ರದ ಮೇಲಿರುವುದು ಅಭ್ಯರ್ಥಿಯ ಹೆಸರು, ಫೋಟೊ, ಚಿಹ್ನೆ ಮಾತ್ರ. ಮುಖ್ಯಮಂತ್ರಿಯಾಗಲಿರುವವರ ಮುಖ ಅವರದೇ ಕ್ಷೇತ್ರದಾಚೆ ಎಲ್ಲೂ ಕಾಣುವುದಿಲ್ಲ.

1984ರ ಡಿಸೆಂಬರ್‌ನಲ್ಲಿ ಲೋಕಸಭೆಯ 28 ಸ್ಥಾನಗಳಲ್ಲಿ 24ನ್ನು ಕಾಂಗ್ರೆಸ್ಸಿಗೆ ಕೊಟ್ಟ ಕರ್ನಾಟಕ, 1985ರ ಮಾರ್ಚ್‌ನಲ್ಲಿ ವಿಧಾನಸಭೆಯ 224ರಲ್ಲಿ 139ನ್ನು ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ ಕೊಟ್ಟಿತು. ಇದನ್ನು ಮತದಾರರ ಜಾಣತನ ಎಂದು ಈಗಲೂ ಹೊಗಳಿಕೊಳ್ಳುತ್ತೇವೆ. ಜಾಣತನವೇ ಸರಿ, ಆದರೆ ಎರಡು ಸಲವೂ ಮತ ಬಿದ್ದದ್ದು ಬಹುಪಾಲು ನಾಯಕನಿಗೆ, ದೆಹಲಿಗೆ ರಾಜೀವ್ ಗಾಂಧಿ, ಬೆಂಗಳೂರಿಗೆ ಹೆಗಡೆ ಎಂದು.

ಅದೇ ವರ್ಷ ಪಕ್ಷಾಂತರ ನಿಷೇಧ ಕಾನೂನೂ ಬಂತು. ವಿಪ್ ಮೀರಿದ ಶಾಸಕ ಸ್ಥಾನವನ್ನೇ ಕಳೆದುಕೊಳ್ಳಬಹುದು. ಅಂದಮೇಲೆ ಸದನದಲ್ಲಿ ಕೈಯೆತ್ತುವವರು ಯಾರಾದರೇನು? ನನಗೂ ಬಹಳ ಕಾಲ ಹಾಗೇ ಅನಿಸಿತ್ತು.

2018ರಲ್ಲಿ ಸಿದ್ದರಾಮಯ್ಯನವರನ್ನೋ ಯಡಿಯೂರಪ್ಪನವರನ್ನೋ ನೋಡಿ ಮತ ಹಾಕಿದವರಿಗೆ ಸಿಕ್ಕವರು, 37 ಸ್ಥಾನ ಗೆದ್ದ ಜೆಡಿಎಸ್‌ನ ಕುಮಾರಸ್ವಾಮಿ. ಮರುವರ್ಷ ಮೈತ್ರಿ ಪಕ್ಷಗಳ ಶಾಸಕರೇ ರಾಜೀನಾಮೆ ಕೊಟ್ಟು ಆ ಸರ್ಕಾರವೂ ಬಿತ್ತು. ಅದೇ ಪಕ್ಷಾಂತರ ಕಾನೂನಿನಡಿ ಅನರ್ಹಗೊಂಡವರಲ್ಲಿ 13 ಮಂದಿ ಡಿಸೆಂಬರ್‌ನ ಉಪಚುನಾವಣೆಗೆ ಬಿಜೆಪಿಯಿಂದ ನಿಂತರು, 11 ಮಂದಿ ಗೆದ್ದರು. ಶಾಸಕ ನಾವು ಬರೆದ ಕಾಗದ ಒಯ್ಯುವ ಅಂಚೆಯಣ್ಣ ಅಂದುಕೊಂಡಿದ್ದೆ. ಆತ ದಾರಿಯಲ್ಲಿ ವಿಳಾಸವನ್ನೇ ತಿದ್ದಬಲ್ಲ.

ಹಾಗಾಗಿ ವಿಧಾನಸಭೆಯ ಮಟ್ಟಿಗೆ ನಾನೀಗ ಅಭ್ಯರ್ಥಿಯನ್ನು ಮೊದಲು ನೋಡುವವನು. ತಿಥಿಗೆ ಬರುತ್ತಾರೋ ಇಲ್ಲವೋ ಎಂದಲ್ಲ. ಚರಂಡಿ, ಬೀದಿದೀಪ ಮಾಡಿಸುತ್ತಾರೋ ಎಂದೂ ಅಲ್ಲ, ಅದಕ್ಕೆ ಗ್ರಾಮ ಪಂಚಾಯಿತಿ ಇದೆ. ಅಲ್ಲಿ ಪಕ್ಷದ ಚಿಹ್ನೆಗೇ ಜಾಗವಿಲ್ಲ (ಪಕ್ಷಗಳು ಹಿಂಬಾಗಿಲಿಂದ ಬರುತ್ತವೆ, ಬಿಡಿ). ಶಾಸಕನಾಗಲು ನಿಂತವನಲ್ಲಿ ನಾನು ನೋಡುವುದು ಬೇರೆ: ಈತ ಇದುವರೆಗೆ ಎಷ್ಟು ಪಕ್ಷ ಸುತ್ತಿದ್ದಾನೆ? ಹಿಂದಿನ ಅಫಿಡವಿಟ್‌ಗೂ ಈಗಿನದಕ್ಕೂ ನಡುವೆ ಆಸ್ತಿ ಎಷ್ಟು ಬೆಳೆದಿದೆ? ಶಾಸಕಾಂಗ ಪಕ್ಷದ ಸಭೆಯಲ್ಲಿ, ಹೈಕಮಾಂಡ್ ಹೆಸರು ಹೇಳಿದಾಗ, ಬಾಯಿ ಬಿಡುವ ಧೈರ್ಯ ಇದೆಯೇ? ಮುಖ್ಯಮಂತ್ರಿ ಯಾರೆಂಬುದು ತೀರ್ಮಾನವಾಗುವುದು ಅಲ್ಲಿಯೇ: 2023ರಲ್ಲಿ 135 ಸ್ಥಾನ ಗೆದ್ದ ಕಾಂಗ್ರೆಸ್ಸಿನ ಮುಖ್ಯಮಂತ್ರಿ ಯಾರೆಂದು ತಿಳಿಯಲು ಮತ ಹಾಕಿದವರು ಫಲಿತಾಂಶದ ನಂತರವೂ ಐದು ದಿನ ಕಾದರು.

‘ಮನುಷ್ಯ ಒಳ್ಳೆಯವನು, ಪಕ್ಷ ಸರಿಯಿಲ್ಲ’ ಎಂಬ ಇಕ್ಕಟ್ಟಿಗೆ ಮಾತ್ರ ನನ್ನ ಹತ್ತಿರ ಉತ್ತರವಿಲ್ಲ. ಒಮ್ಮೆ ಹಾಗೇ ಆಗಿ, ಮನಸ್ಸು ಗಟ್ಟಿಮಾಡಿ ಮನುಷ್ಯನಿಗೇ ಹಾಕಿದೆ. ಸದನದಲ್ಲಿ ಅವರ ಕೈ ಯಾರ ಪರವಾಗಿ ಏಳುತ್ತಿತ್ತೋ ತಿಳಿಯುವ ಪ್ರಸಂಗ ಬರಲಿಲ್ಲ. ಅವರ ಠೇವಣಿಯೇ ಹೋಯಿತು.